ಹೊರಬರುವುದಕ್ಕೆ ಹಿರಿಯರ ಅಪ್ಪಣೆ ಬೇಡ

ನಿಮ್ಮ ಕ್ರೈಸ್ತ ಸಭೆಯ ಹಿರಿಯರು ಕರೆದ ವಿಚಾರಣೆಗೆ ಹೋಗಿ, ಎಲ್ಲದಕ್ಕೂ ಬೈಬಲ್ ವಚನಸಹಿತ ಉತ್ತರ ಕೊಟ್ಟೇ ಆ ಸಭೆ ಬಿಡುತ್ತೇನೆ ಎಂದು ಬರೆದಿದ್ದೀರಿ. ಆಮೇಲೆ ಯಾವ ಸಭೆಯೂ ಬೇಡ, ಯೇಸು ಒಬ್ಬನೇ ಸಾಕು, ಆದರೆ ಹೊರಗೆ ಅವನು ನನ್ನ ಜೊತೆ ಇರುತ್ತಾನೆಯೇ ಎಂದೂ ಕೇಳಿದ್ದೀರಿ. ಇರುತ್ತಾನೆ. ಆ ವಿಚಾರಣೆಗೆ ಮಾತ್ರ ಹೋಗಬೇಡಿ. ನಾನು ಹೋಗಿದ್ದೆ.

ನಮ್ಮದು ಬೆಟಗೇರಿಯ ಮನೆತನ. ಅಜ್ಜಿ ಕೊನೆಯವರೆಗೂ ಜರ್ಮನ್-ಸ್ವಿಸ್ ಮಿಷನರಿಗಳ ಬಾಸೆಲ್ ಮಿಷನ್ ಕಾಲದ ದೇವಾಲಯಕ್ಕೇ ಹೋಗುತ್ತಿದ್ದಳು. ಅಪ್ಪ ಕೆಲಸಕ್ಕೆಂದು ಹುಬ್ಬಳ್ಳಿಗೆ ಬಂದ ಮೇಲೆ ಒಂದು ಸಣ್ಣ ಸಭೆ ಸೇರಿದರು. ಅವ್ವ ಬಳೆ, ಓಲೆ ತೆಗೆದಿಟ್ಟಳು. ಮನೆಯಿಂದ ಟಿವಿ ಹೋಯಿತು, ಕ್ರಿಸ್ಮಸ್ ಹೋಯಿತು. ಬೇರೆ ಸಭೆಗಳೆಲ್ಲ ಬಾಬೆಲ್, ಅಲ್ಲಿ ಕಾಲಿಟ್ಟರೆ ಮೈಲಿಗೆ ಎಂದು ಕಲಿತೆವು. ಅಜ್ಜಿ ತೀರಿಕೊಂಡ ದಿನ ಒಳಗೆ ಪ್ರಾರ್ಥನೆ ನಡೆಯುತ್ತಿದ್ದಾಗ ನಾವು ಮೂವರೂ ಕಾಂಪೌಂಡಿನ ಬೇವಿನ ಮರದ ಕೆಳಗೆ ನಿಂತಿದ್ದೆವು. ಅಪ್ಪ ತಮ್ಮ ತಾಯಿಯ ಪೆಟ್ಟಿಗೆಗೆ ಹೆಗಲು ಕೊಟ್ಟದ್ದು ಅದು ಬಾಗಿಲು ದಾಟಿ ಹೊರಗೆ ಬಂದ ಮೇಲೆಯೇ.

ಅಲ್ಲಿ ಪ್ರೀತಿ ಇರಲಿಲ್ಲವೆಂದು ಹೇಳಲಾರೆ. ಅಪ್ಪ ತೀರಿಕೊಂಡಾಗ ತಿಂಗಳುಗಟ್ಟಲೆ ನಮ್ಮ ಮನೆಗೆ ರೊಟ್ಟಿ, ಪಲ್ಯ ತಂದುಕೊಟ್ಟವರು ಅಲ್ಲಿನ ಸಹೋದರಿಯರೇ. ಸತ್ಯವೇದ, ಅಂದರೆ ಬೈಬಲ್, ಓದಲು ಕಲಿಸಿದವರೂ ಅವರೇ.

ನನಗೆ ಅನುಮಾನ ಹುಟ್ಟಿದ್ದೂ ಆ ಓದಿನಿಂದಲೇ. ಹೊರಗಿನವನನ್ನು ಮದುವೆಯಾದ ನನ್ನ ಗೆಳತಿಯನ್ನು ಅನ್ಯೋನ್ಯತೆಯಿಂದ, ಅಂದರೆ ಸಭೆಯ ಒಡನಾಟದಿಂದ, ಹೊರಗಿಟ್ಟರು. ಅವಳೊಂದಿಗೆ ಊಟಕ್ಕೂ ಕೂರಬಾರದೆಂದರು. ಆಧಾರವಾಗಿ ತೋರಿಸಿದ್ದು 1 ಕೊರಿಂಥ 5:11, ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ ವಚನ. ಪೌಲ ಅಲ್ಲಿ ಹೇಳುತ್ತಿರುವುದು ಜಾರತ್ವ, ಲೋಭ, ಸುಲಿಗೆಗಳ ಬಗ್ಗೆ. ಅದೇ ಪೌಲ ಅದೇ ಊರಿನವರಿಗೆ ಬರೆದ ಎರಡನೆಯ ಪತ್ರದ 2ನೇ ಅಧ್ಯಾಯದಲ್ಲಿ, ತಪ್ಪು ಮಾಡಿದವನಿಗೆ ಆದ ಶಿಕ್ಷೆ ಸಾಕು, ಇನ್ನು ಕ್ಷಮಿಸಿ ಸಂತೈಸಿರಿ, ಇಲ್ಲವಾದರೆ ಅವನು ದುಃಖದಲ್ಲಿ ಮುಳುಗಿಹೋದಾನು ಎನ್ನುತ್ತಾನೆ. ನಮ್ಮಲ್ಲಿ ಆ ಅಧ್ಯಾಯದ ಮೇಲೆ ಯಾರೂ ಬೋಧಿಸಿದ್ದನ್ನು ನಾನು ಕೇಳಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಸುಮ್ಮನಿರು ಎಂದರು.

ಸುಮ್ಮನಿರಲಾಗದೆ ಪತ್ರ ಬರೆದೆ. ನಿಮ್ಮ ಕೈಯಲ್ಲೂ ಅಂಥದೊಂದು ಪತ್ರ ತಯಾರಾಗುತ್ತಿದೆಯೆಂದು ತೋರುವುದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಗೆರೆ ಹಾಳೆಯ ಎರಡೂ ಮಗ್ಗುಲಲ್ಲಿ ಬರೆದೆ. ಒಡವೆಗೆ ಒಂದು ವಚನ, ಸಭೆಗೆ ಕೊಡುವ ದಶಮಾಂಶಕ್ಕೆ ಒಂದು, ಮದುವೆಗೆ ಒಂದು. ಮುಖ್ಯವಾದ ಕಡೆ ಕೆಂಪು ಶಾಯಿಯ ಅಡಿಗೆರೆ. ವಚನದ ಆಧಾರವಿಲ್ಲದ ಮಾತು ನಿಲ್ಲುವುದಿಲ್ಲ ಎಂದು ಚಿಕ್ಕಂದಿನಿಂದ ಕಲಿತವಳು ನಾನು. ಆಧಾರ ಗಟ್ಟಿಯಿದ್ದರೆ ಹಿರಿಯರು ತಲೆದೂಗಿ, ಹೋಗಿ ಬಾ ಮಗಳೇ ಎಂದಾರು ಎಂದು ನಿಜವಾಗಿಯೂ ನಂಬಿದ್ದೆ. ಸಭೆಯನ್ನು ಬಿಡುವುದಕ್ಕೂ ಅದೇ ಸಭೆಯ ಅಪ್ಪಣೆ ಬೇಡುತ್ತಿದ್ದೇನೆ ಎಂಬುದು ಆಗ ಹೊಳೆಯಲಿಲ್ಲ. ಅವರ ತೀರ್ಪು ದೇವರ ತೀರ್ಪಲ್ಲ ಎಂದು ಬರೆದು, ಅದೇ ತೀರ್ಪಿಗಾಗಿ ಕಾದು ಕುಳಿತೆ. ಅಷ್ಟೇ ಆಗಿದ್ದರೆ ಪೆಟ್ಟು ನನಗೊಬ್ಬಳಿಗೇ ಬೀಳುತ್ತಿತ್ತು. ಆದರೆ ವಾದಕ್ಕೆ ಬಲ ಬರಲೆಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ನಮ್ಮ ಅವ್ವನಿಗೂ ಹೀಗೆಯೇ ಅನ್ನಿಸುತ್ತದೆ. ಅಡುಗೆಮನೆಯಲ್ಲಿ ದನಿ ತಗ್ಗಿಸಿ ಅವ್ವ ನನಗೊಬ್ಬಳಿಗೇ ಹೇಳಿದ್ದ ಮಾತದು. ಇಬ್ಬರು ಮೂವರು ಸಾಕ್ಷಿಗಳಿದ್ದರೆ ಮಾತು ಸ್ಥಿರವಾಗುತ್ತದೆ ಎಂಬ ವಚನ ತಲೆಯಲ್ಲಿತ್ತು. ಅವಳನ್ನು ಒಂದು ಮಾತೂ ಕೇಳದೆ ಎರಡನೆಯ ಸಾಕ್ಷಿಯಾಗಿ ನಿಲ್ಲಿಸಿಬಿಟ್ಟೆ.

ಭಾನುವಾರ ರೊಟ್ಟಿ ಮುರಿಯುವ ಆರಾಧನೆ ಮುಗಿದ ಮೇಲೆ ವಿಚಾರಣೆ. ಪತ್ರವನ್ನು ಎಲ್ಲರ ಮುಂದೆ ಓದಿದರು. ಆ ಸಾಲು ಬಂದಾಗ ಅವ್ವನನ್ನು ಎಬ್ಬಿಸಿ ನಿಲ್ಲಿಸಿದರು. ತಲೆಯ ಮೇಲಿನ ಸೆರಗನ್ನು ಎರಡೂ ಕೈಗಳಿಂದ ಗಲ್ಲದ ಕೆಳಗೆ ಬಿಗಿಹಿಡಿದು, 'ಅವಳು ಪ್ರಾಯದವಳು, ಅವಳನ್ನೇ ಕೇಳಿರಿ' ಎಂದಷ್ಟೇ ಹೇಳಿ ಕುಳಿತುಬಿಟ್ಟಳು. ಅಂದಿನಿಂದ ಮನೆಯಲ್ಲಿ ನನಗೆ ಊಟ ಬೇರೆಯಾಯಿತು. ಧಾರವಾಡದಲ್ಲಿ ಬಾಡಿಗೆ ಕೋಣೆ ಹಿಡಿದೆ. ವರ್ಷಗಟ್ಟಲೆ ಅವ್ವ ನನ್ನ ಫೋನ್ ಎತ್ತಲಿಲ್ಲ. ಈಗ ಎತ್ತುತ್ತಾಳೆ, ಸಭೆಯ ಮಾತು ಇಬ್ಬರೂ ಎತ್ತುವುದಿಲ್ಲ.

ಅವ್ವ ಹೇಳಿದ್ದು ಎಲ್ಲಿಯ ಮಾತೆಂದು ನಿಮಗೆ ಗೊತ್ತಿರುತ್ತದೆ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯ. ಹುಟ್ಟುಕುರುಡನಿಗೆ ಕಣ್ಣು ಬಂದಾಗ ಅವನ ತಂದೆತಾಯಿಗಳನ್ನು ಕರೆಸಿ ವಿಚಾರಿಸುತ್ತಾರೆ. ಸಭಾಮಂದಿರದಿಂದ ಬಹಿಷ್ಕಾರ ಹಾಕಿಯಾರೆಂದು ಹೆದರಿ ಅವರೂ ಹೀಗೆಯೇ ಹೇಳಿ ಪಾರಾಗುತ್ತಾರೆ. ಕೋಪಕ್ಕೆ ನಾನು ಆ ಅಧ್ಯಾಯವನ್ನು ಬಹಳ ಕಾಲ ತೆರೆಯಲೇ ಇಲ್ಲ. ತೆರೆದಾಗ ಮುಂದಿನ ಭಾಗ ಹೊಸದಾಗಿ ಕಂಡಿತು. ಮಗನನ್ನು ಹೊರಗೆ ಹಾಕಿದರೆಂಬ ಸುದ್ದಿ ಕೇಳಿ ಯೇಸು ಅವನನ್ನು ಕಂಡು ಮಾತನಾಡಿಸುತ್ತಾನೆ. ಮತ್ತೆ ಒಳಗೆ ಸೇರಿಸುವುದಿಲ್ಲ, ಅವನ ಪರವಾಗಿ ಹಿರಿಯರ ಹತ್ತಿರ ವಾದಿಸಲು ಹೋಗುವುದಿಲ್ಲ. ಹೊರಗೆಯೇ, ಅವನು ಇದ್ದಲ್ಲಿಯೇ, ನಂಬುತ್ತೀಯೋ ಎಂದು ಕೇಳುತ್ತಾನೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನ್ನಲ್ಲಿಲ್ಲ.

ಆದರೆ ಯಾವ ಸಭೆಯೂ ಬೇಡ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕೋಣೆಯಲ್ಲಿ ಒಬ್ಬಳೇ ಸತ್ಯವೇದ ತೆರೆದಾಗಲೆಲ್ಲ ನನಗೆ ಕೇಳಿಸುತ್ತಿದ್ದುದು ನಮ್ಮ ಹಿರಿಯರ ದನಿ. ಪ್ರತಿ ವಚನವನ್ನೂ ಅವರೇ ಓದುತ್ತಿದ್ದರು, ಅವರೇ ಅರ್ಥ ಹೇಳುತ್ತಿದ್ದರು. ಒಬ್ಬಳೇ ಇದ್ದರೆ ಸ್ವತಂತ್ರಳು ಎಂದುಕೊಂಡಿದ್ದೆ. ಇನ್ನೂ ಆ ಸಭೆಯಲ್ಲೇ ಕುಳಿತಿದ್ದೆ. ಎರಡು ಕೆಲಸ ಮಾಡಿದೆ. ಸರಳಗನ್ನಡದ ಬೇರೊಂದು ಅನುವಾದ ಕೊಂಡೆ. ಶಬ್ದಗಳು ಬದಲಾದಾಗ ಆ ದನಿಗೆ ಹಿಡಿತ ತಪ್ಪಿತು. ಪುಸ್ತಕ ಅವರ ಆಸ್ತಿ ಎಂಬ ಭಾವನೆ ನಿಮಗೂ ಇದ್ದರೆ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಬಳ್ಳಾರಿಯಲ್ಲಿ ಇಡೀ ಸತ್ಯವೇದವನ್ನು ಕನ್ನಡಕ್ಕೆ ತಂದು ಮುಗಿಸಿದ್ದು 1831ರಲ್ಲಿ ಎಂಬುದನ್ನು ನೆನಪಿಡಿ. ನಮ್ಮ ಹಿರಿಯರ ಮುತ್ತಜ್ಜಂದಿರೂ ಆಗ ಹುಟ್ಟಿರಲಿಲ್ಲ.

ಎರಡನೆಯದು, ಸಿಎಸ್‌ಐ (ದಕ್ಷಿಣ ಭಾರತ ಸಭೆ) ದೇವಾಲಯವೊಂದರ ಕೊನೆಯ ಬೆಂಚಿನಲ್ಲಿ ಹೋಗಿ ಕುಳಿತೆ. ಜರ್ಮನ್ ರಾಗದ ಕನ್ನಡ ಗೀತೆಗಳು. ಅಜ್ಜಿ ಅಕ್ಕಿ ಆರಿಸುತ್ತ ಗುನುಗುತ್ತಿದ್ದ ಗೀತೆಗಳೇ ಅವು. ಅಳು ತಡೆಯಲಾಗಲಿಲ್ಲ. ಪವಿತ್ರ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸಕ್ಕೆ, ಏಳಲು ಬಹಳ ಕಾಲ ಹಿಡಿಯಿತು. ಅಯೋಗ್ಯವಾಗಿ ತಿಂದವನು ನ್ಯಾಯತೀರ್ಪನ್ನೇ ತಿನ್ನುತ್ತಾನೆ ಎಂಬ ವಚನ ಹೆದರಿಸುತ್ತಿತ್ತು. ಅದು 1 ಕೊರಿಂಥ 11ನೇ ಅಧ್ಯಾಯದ್ದು. ಅಲ್ಲಿ ಪೌಲನ ಸಿಟ್ಟು ತಾವು ಮೊದಲು ಉಂಡು ಬಡವರನ್ನು ಹಸಿದಿರಲು ಬಿಟ್ಟವರ ಮೇಲೆ. ಸಭೆ ಬದಲಿಸಿದವರ ಮೇಲಲ್ಲ. ಒಂದು ಭಾನುವಾರ ಹೋಗಿ ಮೊಣಕಾಲೂರಿದೆ. ಸಭಾಪಾಲಕರು ನಡುಗುತ್ತಿದ್ದ ನನ್ನ ಅಂಗೈಯಲ್ಲಿ ರೊಟ್ಟಿಯ ತುಣುಕು ಇಟ್ಟು, ಏನೂ ಕೇಳದೆ ಪಕ್ಕದವರತ್ತ ಸರಿದರು.

ಹೀಗೆಂದು ಸಿಕ್ಕ ಸಭೆಗೆಲ್ಲ ಸೇರಬೇಡಿ. ನಮ್ಮಿಂದ ಹೊರಬಂದ ಕೆಲವರು ಅದಕ್ಕಿಂತ ಬಿಗಿಯಾದ ಗುಂಪು ಹುಡುಕಿಕೊಂಡರು, ಬಿಗಿಯಿದ್ದಲ್ಲೇ ಭಕ್ತಿ ಎಂಬ ಅಭ್ಯಾಸಕ್ಕೆ. ಒಂದು ಸಭೆಯನ್ನು ಅಳೆಯಬೇಕಾದರೆ, ಅದನ್ನು ಬಿಟ್ಟುಹೋದವರ ಬಗ್ಗೆ ಅಲ್ಲಿಯವರು ಹೇಗೆ ಮಾತನಾಡುತ್ತಾರೆ ಎಂದು ಕೇಳಿಸಿಕೊಳ್ಳಿ. ಅವರ ಹೆಸರು ಹೇಳಿ ಪ್ರಾರ್ಥಿಸುತ್ತಾರೋ, ಹೆಸರನ್ನೇ ಎತ್ತುವುದಿಲ್ಲವೋ? ನನಗೆ ಅಷ್ಟು ಸಾಕು.

ಮದುವೆಗೆ ಸಭೆಯ ಪತ್ರ ಸಿಗುವುದಿಲ್ಲ ಎಂದು ಹೆದರಿಸಿದ್ದಾರೆ ಎಂದಿದ್ದೀರಿ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ವಿವಾಹ ಅಧಿಕಾರಿಗೆ ನೋಟಿಸ್ ಕೊಟ್ಟು, 30 ದಿನ ಕಳೆದ ಮೇಲೆ ಮೂವರು ಸಾಕ್ಷಿಗಳೊಂದಿಗೆ ಹೋದರೆ ಆಯಿತು. ಯಾವ ಸಭೆಯ ಪತ್ರವೂ ಬೇಡ.

ಇನ್ನು ದೀಕ್ಷಾಸ್ನಾನ. ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ನೀರಿನಿಂದ ಆಗಿದ್ದರೆ ಸಿಎಸ್‌ಐನಂಥ ಸಭೆಗಳಲ್ಲಿ ಮತ್ತೆ ಮಾಡಿಸುವುದಿಲ್ಲ. ಪೂರ್ಣ ಸದಸ್ಯತ್ವಕ್ಕೆ ಸಿದ್ಧಗೊಳಿಸುವ ದೃಢೀಕರಣದ ತರಗತಿಗೆ ಬನ್ನಿ ಎನ್ನಬಹುದು. ಹೋಗಿ. ಹಿರಿಯರಿಗೆಂದು ಬರೆದಿಟ್ಟ ಪ್ರಶ್ನೆಗಳನ್ನು ಅಲ್ಲಿ ಕೇಳಿ, ನಿಮ್ಮ ಮನೆಯವರ ಹೆಸರು ಮಾತ್ರ ಎಲ್ಲಿಯೂ ತರಬೇಡಿ.