ಟೂಸಾನ್‌ಗೆ ಬರುವ ಮುಂಚೆ ಒಂದು ಜೂನ್ ನೋಡಿ

ಸೊನೋರನ್ ಮರುಭೂಮಿಯ ಪ್ರಾಣಿಪಕ್ಷಿಗಳ ಸೆಳೆತ ತಡೆಯೋಕಾಗ್ತಿಲ್ಲ, ಅಮೆರಿಕದ ಅರಿಝೋನಾ ರಾಜ್ಯದ ಟೂಸಾನ್‌ಗೇ ಬಂದು ನೆಲೆಸಲೇ ಅಂತ ಕೇಳಿದ್ದೀರಿ. ಬನ್ನಿ, ಆದರೆ ಪ್ರಾಣಿಗಳ ಕೆಲಸವನ್ನೇ ನಂಬಿಕೊಂಡು ಬರಬೇಡಿ. ನ್ಯಾಷನಲ್ ಪಾರ್ಕ್‌ನಂಥ ಕೇಂದ್ರ ಸರ್ಕಾರದ ನೌಕರಿಗೆ ಸಾಮಾನ್ಯವಾಗಿ ಅಮೆರಿಕದ ಪೌರತ್ವ ಬೇಕು. ಹೊಟ್ಟೆಪಾಡಿಗೆ ಬೇರೆ ದಾರಿ ಇರಲಿ.

ಮಾರ್ಚ್‌ನಲ್ಲಿ ಹೂವು ನೋಡಿ ಮನೆ ಹಿಡಿಯುವವರೇ ಹೆಚ್ಚು. ಜೂನ್‌ನಲ್ಲಿ ಒಂದು ವಾರ ಇದ್ದು ನೋಡಿ. ಬಿಸಿಲು 38 ಡಿಗ್ರಿ ದಾಟುತ್ತೆ, ಪ್ರಾಣಿಗಳು ಕಾಣೋದು ಬೆಳಗಿನ ಐದರ ಹೊತ್ತಿಗೆ, ಇಲ್ಲವೇ ರಾತ್ರಿ.

ಊರಂಚಿನಲ್ಲಿ ಮನೆ ಮಾಡಿದರೆ ಹವೆಲಿನಾ ಗೇಟಿಗೇ ಬರುತ್ತವೆ. ನಮ್ಮ ಕಾಡುಹಂದಿಯ ಹಾಗೇ ಕಾಣುತ್ತವೆ, ಕುಲ ಬೇರೆ. ತಿನ್ನಲು ಏನೂ ಹಾಕಬೇಡಿ, ಇಲ್ಲಿ ಅದು ಅಪರಾಧ. ಹಕ್ಕಿಗಳಿಗೆ ಕಾಳು ಇಡಬಹುದು, ಆದರೆ ತಟ್ಟೆಯನ್ನು ಎತ್ತರಕ್ಕೆ ತೂಗುಹಾಕಿ, ಕೆಳಗೆ ಉದುರಿದ್ದನ್ನು ಕತ್ತಲಾಗುವ ಮುಂಚೆ ಗುಡಿಸಿ. ಉದುರಿದ ಕಾಳಿಗೆ ಇಲಿ, ಇಲಿಯ ಹಿಂದೆ ವಿಷದ ಹಾವು ರ‍್ಯಾಟಲ್‌ಸ್ನೇಕ್. ಹಾವು ಅಂಗಳಕ್ಕೆ ಬಂತು ಅಂತ ಗೋಳಾಡುವ ಎಷ್ಟೋ ಮನೆಗಳಲ್ಲಿ ಅದನ್ನು ಕರೆದದ್ದು ಈ ಕಾಳೇ. ಚೇಳು ಹುಡುಕಲು ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಒಂದು ಇಟ್ಟುಕೊಳ್ಳಿ. ಆ ಬೆಳಕಿನಲ್ಲಿ ಚೇಳು ಹಸಿರುನೀಲಿಯಾಗಿ ಹೊಳೆಯುತ್ತೆ.

ಮರುಭೂಮಿಯ ಆಮೆ ಕಂಡರೆ ಎತ್ತಿಕೊಂಡು ಫೋಟೊ ತೆಗೆಯುವ ಆಸೆ ಬೇಡ. ಬೇಸಿಗೆ ದಾಟಲು ಅದು ನೀರನ್ನು ಮೂತ್ರಕೋಶದಲ್ಲೇ ಕೂಡಿಟ್ಟುಕೊಂಡಿರುತ್ತೆ. ಬೆದರಿದರೆ ಅಷ್ಟನ್ನೂ ಬಿಟ್ಟುಬಿಡುತ್ತೆ, ಮಳೆ ಬರದಿದ್ದರೆ ಪ್ರಾಣಕ್ಕೇ ಕುತ್ತು. ವಾಹನ ಓಡಾಡುವ ರಸ್ತೆಯ ನಡುವೆ ಇದ್ದರೆ ಮಾತ್ರ, ಎರಡೂ ಕೈಯಲ್ಲಿ ಮಟ್ಟಸವಾಗಿ ಹಿಡಿದು, ನೆಲಕ್ಕೆ ಹತ್ತಿರದಲ್ಲೇ ಒಯ್ದು, ಅದು ಹೊರಟಿದ್ದ ಕಡೆಯ ಅಂಚಿಗೆ ಬಿಡಿ. ಮನೆಗಂತೂ ತರಲೇಬೇಡಿ.

ಇಲ್ಲೂ ಮಳೆಗಾಲಕ್ಕೆ ಮಾನ್‌ಸೂನ್ ಅಂತಲೇ ಹೆಸರು, ಜೂನ್ 15ರಿಂದ ಸೆಪ್ಟೆಂಬರ್ 30. ಮುಂಗಾರಿನ ಜಡಿಮಳೆ ಅಂದುಕೊಳ್ಳಬೇಡಿ, ಒಂದೇ ಏಟಿಗೆ ಸುರಿದು ಒಣಹಳ್ಳ ಹೊಳೆಯಾಗುತ್ತೆ. ನೀರು ಬಂದಿದೆ ಅಂತ ರಸ್ತೆಗೆ ತಡೆ ಹಾಕಿದ್ದರೂ ಹಳ್ಳಕ್ಕೆ ಕಾರು ಇಳಿಸಿ ಸಿಕ್ಕಿಕೊಂಡರೆ ಎತ್ತಿದ ಖರ್ಚನ್ನು ನಿಮ್ಮಿಂದಲೇ ವಸೂಲಿ ಮಾಡಬಹುದು. ಆ ದಿನಗಳಲ್ಲೇ ಅಂಗೈಯಗಲದ ಸೊನೋರನ್ ಕಪ್ಪೆಗಳೂ ಹೊರಬರುತ್ತವೆ. ನಾಯಿ ಬಾಯಿ ಹಾಕಿದರೆ ವಿಷ. ತಲೆ ಕೆಳಮುಖ ಮಾಡಿ, ದವಡೆಯ ಪಕ್ಕದಿಂದ ನೀರು ಬಿಟ್ಟು ತೊಳೆದು, ತಕ್ಷಣ ಪಶುವೈದ್ಯರ ಹತ್ತಿರ ಓಡಿ.

ಕಾಲುದಾರಿಯಲ್ಲಿ ನಡೆಯುವಾಗ ಜೇಬಿನಲ್ಲಿ ಬಾಚಣಿಗೆ ಇರಲಿ. ಚೋಯಾ ಕಳ್ಳಿಯ ಮುಳ್ಳುಂಡೆ ಮೈಗೆ ಹತ್ತಿದರೆ ಕೈಯಲ್ಲಿ ಕೀಳಬೇಡಿ, ಬಾಚಣಿಗೆ ತೂರಿಸಿ ಎಗರಿಸಿ.

ಕೊನೆಗೆ ವ್ಯಾಲಿ ಫೀವರ್. ಮಣ್ಣಿನ ಶಿಲೀಂಧ್ರ ಧೂಳಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತೆ, ಒಂದರಿಂದ ಮೂರು ವಾರದಲ್ಲಿ ಕೆಮ್ಮು, ಜ್ವರ, ವಿಪರೀತ ಸುಸ್ತು. ನ್ಯುಮೋನಿಯಾ ಅಂತ ಆಂಟಿಬಯಾಟಿಕ್ ಕೊಟ್ಟರೆ ಪ್ರಯೋಜನವಿಲ್ಲ. ಬೇರೆ ಊರಿನ ವೈದ್ಯರಿಗೆ ತೋರಿಸಿದರೆ ಅರಿಝೋನಾದಲ್ಲಿದ್ದೆ ಅಂತ ನೀವೇ ಹೇಳಿ, ಅದರ ರಕ್ತಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ.