ಆಂಪ್ ಕುಯ್ಯೋ ಅಂತಿದೆ, ಸಾಲ್ಡರ್ ಹಿಡೀತಿಲ್ಲ

ಪ್ರಶ್ನೆ: ಸರ್, ಲ್ಯಾಮಿಂಗ್ಟನ್ ರೋಡಿಂದ ಸಾಮಾನು ತಂದು ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಚುಚ್ಚಿ ಜೋಡಿಸೋ ಹಲಗೆ) ಮೇಲೆ ಎಲ್‌ಎಂ386 ಚಿಪ್ಪಿನ ಆಂಪ್ (ಸದ್ದು ದೊಡ್ಡದು ಮಾಡೋ ಸರ್ಕ್ಯೂಟ್) ಕಟ್ಟಿದೆ, ಹಾಡು ಬರುತ್ತೆ ಆದ್ರೆ ಜೊತೆಗೆ ಕುಯ್ಯೋ ಅಂತ ಸದ್ದು. ಪಿಸಿಬಿಗೆ (ಬೆಸುಗೆ ಹಾಕೋ ಖಾಯಂ ಬೋರ್ಡು) ಹಾಕೋಣ ಅಂದ್ರೆ ಸಾಲ್ಡರ್ (ಬೆಸುಗೆ ಲೋಹ) ಉಂಡೆಯಾಗಿ ಉದುರುತ್ತೆ. ಏನ್ ಮಾಡ್ಲಿ?
– ಓದುಗ, ಡೊಂಬಿವಲಿ

ಉತ್ತರ: ಸದ್ದು ಹೋಗೋವರೆಗೂ ಸಾಲ್ಡರಿಂಗ್ ಬೇಡ, ಆಮೇಲೆ ಬಿಚ್ಚೋದು ದೊಡ್ಡ ಕಷ್ಟ. 1 ಮತ್ತು 8ನೇ ಪಿನ್ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ರೆ ತೆಗೀರಿ, ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತೆ ಅನ್ನೋದು) 200ರಿಂದ 20ಕ್ಕೆ ಇಳಿಯುತ್ತೆ, ಮೊಬೈಲ್ ಹಾಡಿಗೆ ಅಷ್ಟು ಧಾರಾಳ ಸಾಕು. 6ನೇ ಪಿನ್ನಿಗೆ ಸಪ್ಲೈ ಬರೋ ಜಾಗದಲ್ಲೇ, ದೂರ ಅಲ್ಲ, ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಒಂದು 0.1 ಮೈಕ್ರೋಫ್ಯಾರಡ್ ಒಂದು ಕೆಪಾಸಿಟರ್ ಹಾಕಿ, 5ನೇ ಪಿನ್ನಿಂದ ಗ್ರೌಂಡಿಗೆ 10 ಓಮ್ ರೆಸಿಸ್ಟರ್ ಮತ್ತು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೀರೀಸಲ್ಲಿ (ಒಂದರ ಹಿಂದೆ ಒಂದು) ಇರ್ಲೇಬೇಕು, ಎಷ್ಟೋ ಜನ ಇದನ್ನೇ ಬಿಡ್ತಾರೆ. ಇನ್‌ಪುಟ್ ವೈರು ಸ್ಪೀಕರ್ ವೈರಿಂದ ದೂರ ಇರ್ಲಿ, ಗಿಡ್ಡ ಇರ್ಲಿ.

ಸಾಲ್ಡರ್ ಉಂಡೆ ಆಗೋದು ಪ್ಯಾಡ್ (ಬೋರ್ಡ್ ಮೇಲಿನ ತಾಮ್ರದ ಚುಕ್ಕೆ) ಬಿಸಿಯಾಗದೇ ಇದ್ರೆ, ಇಲ್ಲಾ ಕೊಳೆ ಇದ್ರೆ. ನಮ್ಮ ಮುಂಬೈ ಮಳೆಗಾಲದ ತೇವಕ್ಕೆ ಬಿಡಿಭಾಗಗಳ ಕಾಲುಗಳು ಬೇಗ ಕಪ್ಪಾಗ್ತವೆ, ಬ್ಲೇಡಲ್ಲಿ ಮೆಲ್ಲಗೆ ಕೆರೀರಿ. ಫ್ಲಕ್ಸ್ (ಬೆಸುಗೆ ಹಿಡಿಯೋಕೆ ಕೊಳೆ ಬಿಡಿಸೋ ವಸ್ತು) ಇರೋ 60/40 (ತವರ-ಸೀಸ) ಸಾಲ್ಡರ್ ತಗೊಳ್ಳಿ, ಐರನ್ ತುದಿ ಪ್ಯಾಡಿಗೂ ಕಾಲಿಗೂ ಒಟ್ಟಿಗೆ ಎರಡು ಸೆಕೆಂಡ್ ಮುಟ್ಟಿಸಿ, ಆಮೇಲೆ ಸಾಲ್ಡರನ್ನ ತುದಿಗಲ್ಲ, ಜಾಯಿಂಟಿಗೇ ತಾಗಿಸಿ. ಅದ್ರಲ್ಲಿ ಸೀಸ ಇರುತ್ತೆ, ಊಟಕ್ಕೆ ಮುಂಚೆ ಸೋಪಲ್ಲಿ ಕೈ ತೊಳೀರಿ.