ಪ್ಲಸ್ ವನ್ ಹುಡುಗಿ ಊರ ಮಕ್ಕಳಿಗೆ ಪಾಠ ಹೇಳಿಕೊಟ್ಟರೆ ಅವಳ ಓದು ಹಾಳಾಗುತ್ತದೆಯೇ?

ಪ್ಲಸ್ ವನ್ (ಹನ್ನೊಂದನೇ ಕ್ಲಾಸು) ಓದುವ ಮಗಳು ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಸೇರಿದ್ದಾಳೆ, ವಾರಕ್ಕೆರಡು ಸಂಜೆ ಕಾಲೊನಿಯ ಮಕ್ಕಳಿಗೆ ಪಾಠ ಹೇಳಿಕೊಡಬೇಕಂತೆ, ಇದರಿಂದ ಅವಳಿಗೇನು ಲಾಭ ಎಂದು ಕೇಳಿದ್ದೀರಿ.

ಕಳಿಸಿ. ನಾನು ಕಾಸರಗೋಡಿನ ಬದಿಯಡ್ಕ ಕಡೆಯವಳು, ಪ್ಲಸ್ ಟು ಓದುವಾಗ ಊರಿನ ವಾಚನಾಲಯದಲ್ಲಿ ಇದೇ ಕೆಲಸ ಮಾಡಿದ್ದೇನೆ. ಎನ್‌ಎಸ್‌ಎಸ್‌ನವರಿಗೆ ಎರಡು ವರ್ಷಕ್ಕೆ 240 ಗಂಟೆ ಸೇವೆಯ ಲೆಕ್ಕ ಹೇಗೂ ಇದೆ. ರಸ್ತೆ ಗುಡಿಸಿ ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಪಾಠವೇ ಮೇಲು.

ಐದನೇ ಕ್ಲಾಸಿನ ಹುಡುಗನೊಬ್ಬ ಮೂರನೇ ಒಂದಕ್ಕಿಂತ ನಾಲ್ಕನೇ ಒಂದು ದೊಡ್ಡದು ಎಂದು ಬರೆದಿದ್ದ. "ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ ಅಕ್ಕ?" ಉತ್ತರ ನನಗೆ ಗೊತ್ತು, ಕಾರಣ ಮಾತ್ರ ಬಾಯಿಗೆ ಬರಲೊಲ್ಲದು. ಕೊನೆಗೆ ನೋಟ್‌ಬುಕ್ಕಿನ ಎರಡು ಹಾಳೆ ಹರಿದು, ಒಂದನ್ನು ಮೂರಾಗಿ, ಇನ್ನೊಂದನ್ನು ನಾಲ್ಕಾಗಿ ಮಡಚಿ ಕತ್ತರಿಸಿ, ತುಂಡಿನ ಮೇಲೆ ತುಂಡಿಟ್ಟೆವು. "ಓ, ಪಾಲಿಗೆ ಜನ ಜಾಸ್ತಿಯಾದ್ರೆ ಸಿಗೋದು ಕಮ್ಮಿ!" ಅಂದ. ಮನೆ ತುಂಬ ಮಕ್ಕಳಿರುವ ಹುಡುಗ, ಅವನಿಗೆ ಅನುಭವ. ಅಲ್ಲಿಂದ ನನ್ನ ಲೆಕ್ಕದಲ್ಲೂ 'ಯಾಕೆ ಹೀಗೆ' ಎಂದು ಕೇಳಿಕೊಳ್ಳುವ ಚಾಳಿ ಹತ್ತಿತು.

ಇದು ನನ್ನೊಬ್ಬಳ ಮಾತಲ್ಲ. 1982ರಲ್ಲಿ ಅಮೆರಿಕದ ಸಂಶೋಧಕರಾದ ಕೊಹೆನ್, ಕುಲಿಕ್ ಮತ್ತಿತರರು ಶಾಲೆಗಳಲ್ಲಿ ಮಕ್ಕಳೇ ಮಕ್ಕಳಿಗೆ ಕಲಿಸಿದ 65 ಕಾರ್ಯಕ್ರಮಗಳ ಫಲಿತಾಂಶ ಒಟ್ಟಿಗೆ ನೋಡಿದಾಗ, ಕಲಿತವರ ಜೊತೆಗೆ ಕಲಿಸಿದವರೂ ಆ ವಿಷಯದಲ್ಲಿ ಮುಂದೆ ಬಂದಿದ್ದರು. ಹಾಗಂತ ಅಮೆರಿಕದವರ ಹೊಸ ಬುದ್ಧಿ ಎಂದುಕೊಳ್ಳಬೇಡಿ. 18ನೇ ಶತಮಾನದ ಕೊನೆಗೇ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದರಾಸಿನ ಅನಾಥಾಲಯದಲ್ಲಿ ಮಕ್ಕಳಿಂದಲೇ ಮಕ್ಕಳಿಗೆ ಕಲಿಸಿ, ಆ ಕ್ರಮವನ್ನು 'ಮದ್ರಾಸ್ ಪದ್ಧತಿ' ಎಂದು ಇಂಗ್ಲೆಂಡಿಗೆ ಒಯ್ದಿದ್ದ.

ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ಲಾಭವಿದೆ. ಹತ್ತರವರೆಗೆ ಕನ್ನಡದಲ್ಲಿ ಓದಿ ಪ್ಲಸ್ ವನ್ ಸಯನ್ಸಿಗೆ ಹೋದವರು ಇಂಗ್ಲಿಷ್ ಪುಸ್ತಕ ಉರು ಹೊಡೆಯುತ್ತಾರೆ. ಎಂಟನೇ ಕ್ಲಾಸಿನವರಿಗೆ ಅದನ್ನೇ ಕನ್ನಡದಲ್ಲಿ ಬಿಡಿಸಿ ಹೇಳಹೊರಟರೆ ಎಷ್ಟು ಅರ್ಥವಾಗಿದೆ, ಎಷ್ಟು ಬರೀ ಬಾಯಿಪಾಠ ಎಂದು ತಕ್ಷಣ ತಿಳಿಯುತ್ತದೆ. ಆ ಮಕ್ಕಳಿಗೂ ಅಷ್ಟೇ, ಟೀಚರ್ ಹತ್ತಿರ ಕೇಳಲು ಹೆದರುವುದನ್ನು ಅಕ್ಕನ ಹತ್ತಿರ ತುಳುವಿನಲ್ಲೋ ಮಲಯಾಳದಲ್ಲೋ ಕೇಳಿಬಿಡುತ್ತಾರೆ. ನನ್ನ ಹರಕು ಮಲಯಾಳ ರಿಪೇರಿಯಾದದ್ದೂ ಅವರಿಂದಲೇ.

ಆದರೆ ವಾರಕ್ಕೊಂದು ಹೊಸ ಮಗುವನ್ನು ಕೊಟ್ಟರೆ ಇಬ್ಬರಿಗೂ ಏನೂ ದಕ್ಕುವುದಿಲ್ಲ. ಇಡೀ ವರ್ಷ ಅದೇ ಇಬ್ಬರು ಮೂವರನ್ನು ಕೊಡಿ ಎಂದು ಎನ್‌ಎಸ್‌ಎಸ್ ನೋಡಿಕೊಳ್ಳುವ ಪ್ರೋಗ್ರಾಂ ಆಫೀಸರ್ ಹತ್ತಿರ ಕೇಳಲು ಹೇಳಿ. ಹೋಂವರ್ಕ್ ಮಾಡಿಕೊಡುವ ಕೆಲಸಕ್ಕೆ ಇಳಿಯುವುದು ಬೇಡ. ಪರೀಕ್ಷೆ ಹತ್ತಿರ ಬಂದಾಗ ರಜೆ ಹಾಕಲಿ, ಮಕ್ಕಳಿಗೆ ಮೊದಲೇ ಹೇಳಿದರಾಯಿತು.